ಗೋಡೆಯ ಮೇಲಿನ ಆರು ಮೊಳೆ

ಅಂದು ಸಂಜೆ ಎಲ್ಲರೂ ಹೋದ ಮೇಲೆ ನಮ್ಮ ಮರಗೆಲಸದ ವರ್ಕ್‌ಶಾಪಿನ ಲೈಟ್ ಆರಿಸಲು ಬಂದವನು ಹಾಗೇ ನಿಂತು ಎಣಿಸಿದೆ. ಅರ್ಧಕ್ಕೆ ನಿಂತ ಸಾಮಾನು 11. ಎರಡು ವಾರ್ಡ್‌ರೋಬ್, ಒಂದು ಮಂಚ, ನಾಲ್ಕು ಓದುವ ಮೇಜು, ಒಂದು ಪುಸ್ತಕದ ಕಪಾಟು, ಮೂರು ಟೀಪಾಯಿ. ಓಡಾಡಲು ಜಾಗ ಸಾಲದೆ ಮಂಚದ ತಲೆಹಲಗೆಯನ್ನು ಗೋಡೆಗೆ ಒರಗಿಸಿದ್ದೆವು. ಅದರ ಅಂಚಿಗೆ ಏಣಿ ತಾಗಿ ಬೆರಳುದ್ದದ ಗೀರು ಬಿದ್ದಿತ್ತು. ಅಲ್ಲಿಯವರೆಗೆ ಆ ರಾಶಿಯನ್ನು ಕಂಡರೆ ನನಗೆ ಹೆಮ್ಮೆಯೇ ಆಗುತ್ತಿತ್ತು. ಕೈತುಂಬ ಕೆಲಸವಿದೆ, ಜನ ಸಾಲುತ್ತಿಲ್ಲ, ಅಂದಮೇಲೆ ಬೆಳೆಯುತ್ತಿದ್ದೇವೆ ಎಂದುಕೊಳ್ಳುತ್ತಿದ್ದೆ. ಆ ಸಂಜೆ ಬೇರೆಯೇ ಒಂದು ಯೋಚನೆ ಬಂತು. ಈ ಹನ್ನೊಂದಕ್ಕೂ ಮರದ ದುಡ್ಡು ಕೊಟ್ಟಾಗಿದೆ, ಕೂಲಿ ಕೊಟ್ಟಾಗಿದೆ. ಒಂದರಿಂದಲೂ ಪೂರ್ತಿ ಹಣ ಬಂದಿಲ್ಲ. ಬೆಳಗಾದರೆ ವಾರದ ಸಂಬಳ.

ನಾನು ಮರಗೆಲಸ ಕಲಿತು ಬಂದವನು. ಉಳಿ ಮಸೆಯುವುದು, ಎಳೆ ನೋಡಿ ಹಲಗೆ ಆರಿಸುವುದು, ಸಂದು ಬಿಗಿಯಾಗಿ ಕೂರಿಸುವುದು ಎಲ್ಲವನ್ನೂ 14 ವರ್ಷ ಇನ್ನೊಬ್ಬರ ಕೈಕೆಳಗೆ ಕಲಿತೆ. ಆಮೇಲೆ ಇಬ್ಬರನ್ನು ಜೊತೆಗಿಟ್ಟುಕೊಂಡು ಸ್ವಂತ ವರ್ಕ್‌ಶಾಪ್ ಹಾಕಿದೆ. ಐದನೇ ವರ್ಷಕ್ಕೆ 7 ಜನರಾದೆವು. ಯಂತ್ರಗಳು ಹೆಚ್ಚಿದವು, ಬಾಡಿಗೆ ಹೆಚ್ಚಿತು, ಓಡಾಟ ಹೆಚ್ಚಿತು. ವರ್ಷದ ಕೊನೆಗೆ ಕೈಯಲ್ಲಿ ಉಳಿಯುತ್ತಿದ್ದದ್ದು ಮಾತ್ರ ನಾವು ಮೂವರೇ ಇದ್ದಾಗ ಉಳಿಯುತ್ತಿದ್ದಷ್ಟೇ. ಅಲ್ಲಿಂದ ಹೊರಬರಲು ನನಗೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಕಸುಬಿನಿಂದ ಬಂದು ಮಾಲೀಕರಾದವರು ನನ್ನ ಹಾಗೆ ಬಹಳ ಜನ ಇದ್ದಾರೆ. ಅವರ ಕೈಚಳಕದಲ್ಲಿ ಕುಂದಿಲ್ಲ, ದುಡಿಮೆಯಲ್ಲೂ ಕುಂದಿಲ್ಲ, ಆದರೂ ವರ್ಕ್‌ಶಾಪ್ ಇದ್ದಲ್ಲೇ ಇರುತ್ತದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಆ ದೊಡ್ಡ ಆರ್ಡರ್ ವಿಷಯ ಹೇಳಬೇಕು. ಒಂದು ಸಂಸ್ಥೆಯ ಗ್ರಂಥಾಲಯಕ್ಕೆ 80 ಕುರ್ಚಿ, 20 ಮೇಜು. ಅಷ್ಟು ದೊಡ್ಡ ಕೆಲಸ ನಮ್ಮನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. ಲೆಕ್ಕ ಹಾಕುವ ಮೊದಲೇ ಒಪ್ಪಿಕೊಂಡೆ. ಮುಂಗಡ ಬಂದದ್ದು ಒಟ್ಟು ಮೊತ್ತದ ಹತ್ತನೇ ಒಂದು ಭಾಗ. ಉಳಿದದ್ದು ಸಾಮಾನು ತಲುಪಿ, ಬಿಲ್ ಪಾಸಾಗಿ 90 ದಿನಕ್ಕೆ. ಇತ್ತ ಮರದ ವ್ಯಾಪಾರಿಗೆ ಕೈಮೇಲೆ ಕೊಡಬೇಕು, ಕೂಲಿ ವಾರವಾರ ಕೊಡಬೇಕು. ನೂರು ಭಾಗದ ಕೆಲಸಕ್ಕೆ ಕೈಗೆ ಬಂದದ್ದು 10, ಕೈಯಿಂದ ಹೋಗಬೇಕಾದದ್ದು ಎಂಬತ್ತರ ಹತ್ತಿರ, ಕಾಯಬೇಕಾದದ್ದು ಐದಾರು ತಿಂಗಳು. ಕಾಗದದ ಮೇಲೆ ಲಾಭವಿತ್ತು. ನಾಲ್ಕನೇ ವಾರಕ್ಕೆ ಸಂಬಳದ ದುಡ್ಡಿರಲಿಲ್ಲ.

ಅದೇ ಕೆಲಸದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಒಣಗಿಸಿಟ್ಟ ಮರದ ಸ್ಟಾಕ್ ನಮ್ಮಲ್ಲಿರಲಿಲ್ಲ, ಅವಸರಕ್ಕೆ ಸಿಕ್ಕಿದ್ದನ್ನು ತಂದೆವು. ಮನೆಯೊಳಗೆ ಇಡುವ ಪೀಠೋಪಕರಣಕ್ಕೆ ಮರದ ತೇವಾಂಶ ಸಾಮಾನ್ಯವಾಗಿ ಶೇಕಡಾ 8ರಿಂದ 12ರೊಳಗೆ ಇರಬೇಕು. ಹಸಿ ಮರ ಒಣಗುತ್ತ ಬಂದು, ತೇವ ಸುಮಾರು 30ಕ್ಕಿಂತ ಕೆಳಗಿಳಿದ ಮೇಲೆ ಕುಗ್ಗತೊಡಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಮಾತ್ರ ಚೆನ್ನಾಗಿಯೇ ಕುಗ್ಗುತ್ತದೆ. ಅದರಲ್ಲೂ ಮರದ ಉಂಗುರಗಳ ಗುಂಟ ಕುಗ್ಗುವುದು ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ನಮ್ಮ ಮೇಜಿನ ಮೇಲ್ಹಲಗೆ 900 ಮಿಲಿಮೀಟರ್ ಅಗಲ. ಶೇಕಡಾ 18ರ ಆಸುಪಾಸಿನ ತೇವದ ಮರ 10ಕ್ಕೆ ಇಳಿದರೆ ಅಷ್ಟಗಲದ ಹಲಗೆ ಹದಿನೈದು ಇಪ್ಪತ್ತು ಮಿಲಿಮೀಟರ್ ಕುಗ್ಗಬಹುದು. ನಾವು ಅದನ್ನು ಕೆಳಗಿನ ಚೌಕಟ್ಟಿಗೆ ಸ್ಕ್ರೂ ಹಾಕಿ ಅಲ್ಲಾಡದಂತೆ ಬಿಗಿದಿದ್ದೆವು. ಕುಗ್ಗಲು ಜಾಗವಿಲ್ಲದೆ ಆರು ಮೇಜುಗಳ ಹಲಗೆ ನಡುವೆಯೇ ಸೀಳಿತು. ನೋಡಲು ಹೋದಾಗ ಒಂದರ ಸೀಳಿನಲ್ಲಿ ಯಾರೋ ಪೆನ್ಸಿಲ್ ಸಿಕ್ಕಿಸಿದ್ದರು, ಅದು ಬೀಳದೆ ನೆಟ್ಟಗೆ ನಿಂತಿತ್ತು.

ಮರ ಕುಗ್ಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸ್ಕ್ರೂ ತೂತನ್ನು ಉದ್ದುದ್ದಕ್ಕೆ ಕೊರೆದು ಹಲಗೆ ಸರಿದಾಡಲು ಬಿಡಬೇಕೆಂದು ನನ್ನ ಗುರುಗಳು ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಮರ ಬಂದ ದಿನ ಅದರ ತೇವ ನೋಡಿ ‘ಬೇಡ, ವಾಪಸ್ ಕಳಿಸಿ’ ಎನ್ನಬೇಕಾದವನು ನಾನು. ಆ ಹೊತ್ತಿನಲ್ಲಿ ನಾನು ಒಳಗೆ ಕೂತು ಒಂದು ವಾರ್ಡ್‌ರೋಬಿನ ಡ್ರಾಯರ್ ಕೂರಿಸುತ್ತಿದ್ದೆ. ಡ್ರಾಯರ್ ಬಹಳ ಚೆನ್ನಾಗಿ ಬಂತು. ಈ ನಾಲ್ಕು ವರ್ಷಗಳಲ್ಲಿ ನಾನು ಕಲಿತದ್ದೆಲ್ಲ ಆ ಒಂದು ಮಧ್ಯಾಹ್ನದಲ್ಲಿದೆ. ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಮರವೂ ಅಲ್ಲ, ಯಂತ್ರವೂ ಅಲ್ಲ. ಯೋಚಿಸಿ ತೀರ್ಮಾನ ತೆಗೆದುಕೊಳ್ಳುವವನ ಹೊತ್ತು. ಅದನ್ನು ನಾನು ಬೇರೆ ಯಾರಾದರೂ ಮಾಡಬಹುದಾಗಿದ್ದ ಕೆಲಸಕ್ಕೆ ಸುರಿಯುತ್ತಿದ್ದೆ.

ಇಬ್ಬರು ಬಿಟ್ಟುಹೋದರು. ಅವರಲ್ಲಿ ಒಬ್ಬ ಮೊದಲ ದಿನದಿಂದ ನನ್ನ ಜೊತೆಗಿದ್ದವನು. “ಅಣ್ಣ, ನಂಗೆ ಕೆಲಸ ಬೇಜಾರಿಲ್ಲ. ಶನಿವಾರ ಸಂಬಳ ಬರುತ್ತೋ ಇಲ್ವೋ ಅಂತ ಪ್ರತಿ ವಾರ ಹೆದರ್ಕೊಂಡಿರೋಕಾಗಲ್ಲ” ಎಂದ. ಅವನನ್ನು ತಡೆಯಲು ನನ್ನ ಬಾಯಲ್ಲಿ ಮಾತಿರಲಿಲ್ಲ. ಅವನು ಹಿಡಿಯುತ್ತಿದ್ದ ಕೀಸುಳಿ ಇಂದಿಗೂ ನಮ್ಮ ಕಪಾಟಿನಲ್ಲಿದೆ.

ಆ ದಿನಗಳಲ್ಲಿ ನನಗೆ ಪರಿಚಯದ ಹಿರಿಯರೊಬ್ಬರು ಸಿಕ್ಕರು. ಬೇರೆ ಬೇರೆ ಕಡೆ ಲೆಕ್ಕ ಬರೆದು ನಿವೃತ್ತರಾದವರು. ಎಲ್ಲ ಕೇಳಿಸಿಕೊಂಡು, “ಒಂದು ಓದುವ ಮೇಜಿಗೆ ನಿಮಗೆ ಎಷ್ಟು ಬೀಳುತ್ತೆ?” ಎಂದರು. ಹೇಳಿದೆ. “ಅದು ಮರದ ಬೆಲೆ. ನಾನು ಕೇಳಿದ್ದು ಮೇಜಿನ ಬೆಲೆ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸಾಮಾನಿನ ಖರ್ಚಿಗೆ ಅಷ್ಟೇ ಮೊತ್ತ ಸೇರಿಸಿ ಹೇಳಿಬಿಡುವುದು ಅದುವರೆಗಿನ ನಮ್ಮ ಪದ್ಧತಿ. ಗ್ರಾಹಕರು ಚೌಕಾಸಿ ಮಾಡಿದರೆ ಸ್ವಲ್ಪ ಇಳಿಸುವುದು.

ಅವರು ಹೇಳಿದ ಹಾಗೆ ಪ್ರತಿ ಕೆಲಸಕ್ಕೂ ಒಂದು ಹಾಳೆ ಮಾಡಿದೆವು. ಯಾವ ಮರ ಎಷ್ಟು ತೆಗೆದುಕೊಂಡೆವು, ಯಾರು ಎಷ್ಟು ಗಂಟೆ ಕೆಲಸ ಮಾಡಿದರು, ಎಷ್ಟು ಸಲ ಕೂರಿಸಿದ್ದನ್ನು ಬಿಚ್ಚಿ ಮತ್ತೆ ಕೂರಿಸಿದರು, ಸಾಮಾನು ತಲುಪಿಸಿದ ಮೇಲೆ ಎಷ್ಟು ಸಲ ಹೋಗಿ ಬಂದೆವು. ಮೊದಲ ತಿಂಗಳು ಯಾರಿಗೂ ಬರೆಯಲು ಮನಸ್ಸಿರಲಿಲ್ಲ. ತಮ್ಮನ್ನು ಅಳೆಯಲು ಇದನ್ನು ತಂದಿದ್ದೇನೆ ಎಂದು ತಿಳಿದರು, ಅದು ಸಹಜವೇ. ಆಗ ನಾನು ಮೊದಲು ನನ್ನ ಗಂಟೆಗಳನ್ನೇ ಎಲ್ಲರಿಗೂ ಕಾಣುವಂತೆ ಬರೆಯತೊಡಗಿದೆ. ಮೂರು ತಿಂಗಳ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದಾಗ ನಂಬಲು ಕಷ್ಟವಾಯಿತು. ಗಟ್ಟಿಮರದಲ್ಲಿ ನಾವು ಕೊಂಡದ್ದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಸಾಮಾನಿನಲ್ಲಿ ಉಳಿಯುತ್ತಿತ್ತು. ಮಿಕ್ಕಿದ್ದು ಗಂಟು, ಸೀಳು, ಹೊಟ್ಟು, ತುಂಡುಗಳಾಗಿ ಹೋಗುತ್ತಿತ್ತು. 8 ಅಡಿಗೆ 4 ಅಡಿಯ, ಅಂದರೆ 2440ಕ್ಕೆ 1220 ಮಿಲಿಮೀಟರಿನ ಪ್ಲೈವುಡ್ ಹಾಳೆಯಲ್ಲಿ ಪ್ರತಿ ಕೊಯ್ತಕ್ಕೂ ಗರಗಸದ ಅಲಗೇ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ. 600 ಅಗಲದ ಎರಡು ಪಟ್ಟಿ ನೆಮ್ಮದಿಯಾಗಿ ಬರುತ್ತವೆ, 610ರ ಎರಡು ಪಟ್ಟಿ ಬೇಕೆಂದರೆ ಬರುವುದಿಲ್ಲ. ಒಂದು ವಾರ್ಡ್‌ರೋಬಿನ ಆಳವನ್ನು ಹತ್ತು ಮಿಲಿಮೀಟರ್ ಕಡಿಮೆ ಬರೆದುಕೊಂಡಿದ್ದರೆ ಒಂದು ಇಡೀ ಹಾಳೆ ಉಳಿಯುತ್ತಿತ್ತು. ಬರೆಯುವ ಹೊತ್ತಿಗೆ ಯಾರೂ ಯೋಚಿಸಿರಲಿಲ್ಲ.

ನಮ್ಮ ಹೆಸರು ಉಳಿಸಿದ್ದು ಕೆತ್ತನೆಯ ಮಂಚ. ಪ್ರತಿ ಮಂಚಕ್ಕೂ ನಾವು ಕೈಯಿಂದ ದುಡ್ಡು ಹಾಕುತ್ತಿದ್ದೆವು ಎಂಬುದು ಆ ಹಾಳೆಗಳಿಂದ ತಿಳಿಯಿತು. ಸುಮ್ಮನೆ ಜೊತೆಗೆ ಮಾಡಿಕೊಡುತ್ತಿದ್ದ ಸಾದಾ ಓದುವ ಮೇಜು ಇಡೀ ವರ್ಕ್‌ಶಾಪಿನ ಬಾಡಿಗೆ ಕಟ್ಟುತ್ತಿತ್ತು. ಇನ್ನೊಂದು ಸಣ್ಣ ಲೆಕ್ಕವನ್ನೂ ಆ ಹಿರಿಯರು ತೋರಿಸಿದರು. ಖರ್ಚು 100 ಎಂದುಕೊಳ್ಳಿ. ಶೇಕಡಾ 20 ಸೇರಿಸಿ 120ಕ್ಕೆ ಹೇಳುತ್ತೀರಿ. ಗ್ರಾಹಕರು ಕೇಳಿದರೆಂದು ಶೇಕಡಾ 10 ಬಿಟ್ಟರೆ ಕೈಗೆ ಬರುವುದು 108. ಬಿಟ್ಟದ್ದು ಬೆಲೆಯಲ್ಲಿ ಹತ್ತನೇ ಒಂದು, ಹೋದದ್ದು ಲಾಭದಲ್ಲಿ ಐದರಲ್ಲಿ ಮೂರು ಭಾಗ. ಎಷ್ಟೋ ವರ್ಷ ಪ್ರತಿಯೊಬ್ಬರಿಗೂ ಪ್ರೀತಿಯಿಂದ ಹತ್ತು ಬಿಟ್ಟುಕೊಟ್ಟವನು ನಾನು. ಆ ರಾತ್ರಿ ಹಳೆಯ ಬಿಲ್‌ಪುಸ್ತಕ ತೆಗೆದು ಕೂಡಿಸುತ್ತ ಕೂತೆ. ಅರ್ಧ ಮುಗಿಸುವ ಮೊದಲೇ ಮುಚ್ಚಿಟ್ಟೆ.

ಲೆಕ್ಕ ಗೊತ್ತಾದರೂ ನನ್ನ ಹೊತ್ತು ಉಳಿಯಲಿಲ್ಲ. ದಿನವಿಡೀ ಯಾರಾದರೂ ನನ್ನನ್ನು ಕರೆಯುತ್ತಲೇ ಇರುತ್ತಿದ್ದರು. ಒಂದು ದಿನ ಯಾರು ಏನು ಕೇಳಲು ಬಂದರೂ ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ವಿಷಯ ಬರೆಯುತ್ತ ಹೋದೆ. ಸಂಜೆಗೆ 43 ಗೆರೆ. 29 ಅಳತೆಯ ಪ್ರಶ್ನೆಗಳು. 8 ಯಾವ ಸಾಮಾನು ಎಲ್ಲಿದೆ ಎಂಬುವು. 4 ಗ್ರಾಹಕರು ಏನು ಹೇಳಿದ್ದಾರೆ ಎಂಬುವು. ನಿಜಕ್ಕೂ ನಾನೇ ಉತ್ತರಿಸಬೇಕಾಗಿದ್ದವು ಎರಡೇ ಎರಡು.

ಮರುದಿನ ಮೇಸ್ತ್ರಿಯವರನ್ನು ಕೂರಿಸಿಕೊಂಡು ಇದನ್ನು ಹೇಳಿದೆ. ಅವರು ನನಗಿಂತ ಹಿರಿಯರು, ಮಾತು ಕಡಿಮೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಜಾರು ಮಾಡ್ಕೋಬೇಡಿ. ನಾನು ಅಳತೆ ಹಾಕಿದ್ಮೇಲೆ ನೀವು ಮತ್ತೆ ಬಂದು ಅಳೀತೀರಿ. ಹೆಂಗೂ ನೀವು ಅಳೀತೀರಲ್ಲ, ನಾನ್ಯಾಕೆ ತಲೆ ಕೆಡಿಸ್ಕೊಳ್ಳಿ ಅಂತ ನಿಮ್ಮನ್ನೇ ಕೇಳ್ತೀನಿ” ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. 20 ವರ್ಷಗಳ ಅನುಭವದ ಕೈ ಅದು. ಪ್ರತಿ ಸಲ ನಾನು ಟೇಪ್ ಹಿಡಿದು ಅವರ ಹಿಂದೆ ಹೋದಾಗ ಅವರಿಗೆ ಏನನ್ನಿಸಿರಬೇಕು ಎಂದು ನಾನು ಅದುವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಎಡಿತ್ ಪೆನ್‌ರೋಸ್ ಎಂಬ ಅರ್ಥಶಾಸ್ತ್ರಜ್ಞೆ 1959ರಲ್ಲೇ ಇದನ್ನು ವಿವರಿಸಿದ್ದಾರೆ. ಒಂದು ಉದ್ಯಮ ಎಷ್ಟು ಬೇಗ ಬೆಳೆಯಬಲ್ಲದು ಎಂಬುದಕ್ಕೆ ಮಿತಿ ಹಾಕುವುದು ಅದನ್ನು ನಡೆಸುವವರ ಸಾಮರ್ಥ್ಯ. ಹೊಸಬರನ್ನು ತಂದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ, ಏಕೆಂದರೆ ಅವರು ಒಟ್ಟಿಗೆ ಕೆಲಸ ಮಾಡುತ್ತಲೇ ಅದನ್ನು ಗಳಿಸಬೇಕು, ಅವರನ್ನು ಪಳಗಿಸುವುದಕ್ಕೂ ಹಳಬರ ಹೊತ್ತೇ ಖರ್ಚಾಗಬೇಕು. ಇದನ್ನು ನಾನು ತಿಳಿದದ್ದು ಬಹಳ ಆಮೇಲೆ. ತಿಳಿದಾಗ ಆ 43 ಗೆರೆಗಳೇ ಕಣ್ಣಮುಂದೆ ಬಂದವು.

ಅಳತೆಯ ಪ್ರಶ್ನೆಗಳಿಗೆ ನಾವು ಕಂಡುಕೊಂಡ ದಾರಿ ಕಸುಬಿನಷ್ಟೇ ಹಳೆಯದು. ಓದುವ ಮೇಜಿಗೆ ಒಂದು ಅಳತೆಕೋಲು ಮಾಡಿದೆವು. ಎರಡು ಬೆರಳಗಲದ ನೇರ ಪಟ್ಟಿ. ಅದರ ಒಂದು ಮುಖದ ಮೇಲೆ ಕಾಲಿನ ಎತ್ತರ, ಅಡ್ಡಪಟ್ಟಿ ಬರುವ ಜಾಗ, ಡ್ರಾಯರ್ ಚಾನಲ್ಲಿನ ತೂತು ಎಲ್ಲವನ್ನೂ ಇದ್ದ ಅಳತೆಯಲ್ಲೇ ಚಾಕುವಿನಿಂದ ಗೀರಿದೆವು. ಇನ್ನೊಂದು ಮುಖದಲ್ಲಿ ಅಗಲದ ಗುರುತುಗಳು. ಟೇಪ್ ಬೇಕಿಲ್ಲ, ಅಂಕಿ ಓದಬೇಕಿಲ್ಲ. ಕೋಲನ್ನು ಮರದ ಮೇಲಿಟ್ಟು ಗುರುತು ಇಳಿಸಿದರೆ ಆಯಿತು. 674 ಎಂಬುದನ್ನು 647 ಎಂದು ಬರೆದುಕೊಂಡು ಹಲಗೆ ಹಾಳುಮಾಡುವುದು ಅಲ್ಲಿಗೆ ನಿಂತಿತು. ಗೀರುಗಳನ್ನು ಹಾಕಿದವರು ಮೇಸ್ತ್ರಿ, ಕೋಲಿನ ತುದಿಯಲ್ಲಿ ತಾರೀಖು ಬರೆದವರೂ ಅವರೇ. ಆ ಅಳತೆ ಬದಲಾಯಿಸಬೇಕಿದ್ದರೆ ನಾನೂ ಅವರನ್ನೇ ಕೇಳಬೇಕು ಎಂದು ಎಲ್ಲರ ಮುಂದೆ ಹೇಳಿದೆ. ವಾರ್ಡ್‌ರೋಬುಗಳಿಗೆ ತೂತುಗಳ ನಡುವೆ 32 ಮಿಲಿಮೀಟರ್ ಅಂತರ ಇಡುವ ಕ್ರಮವನ್ನು ಹಿಡಿದೆವು. ಹಿಂಜ್, ಚಾನಲ್ ತಯಾರಿಸುವವರು ಬಹುಪಾಲು ಆ ಅಳತೆಗೇ ಹೊಂದಿಸಿರುತ್ತಾರೆ. ಒಂದೇ ತೂತಿನ ಮಾದರಿ ಪಟ್ಟಿ ಎಲ್ಲ ಕಪಾಟುಗಳಿಗೂ ನಡೆಯಿತು.

ಇದು ಬರೆದಷ್ಟು ಸುಲಭವಾಗಿರಲಿಲ್ಲ. ಮಧ್ಯಾಹ್ನದವರೆಗೆ ಉಳಿ ಮುಟ್ಟುವುದಿಲ್ಲ ಎಂದು ನನಗೆ ನಾನೇ ಕಟ್ಟುಪಾಡು ಹಾಕಿಕೊಂಡೆ. ಮೊದಲ ಕೆಲವು ವಾರ ಕೈ ಕಡಿಯುತ್ತಿತ್ತು. ಒಳಗೆ ಮರ ಕೀಸುವ ಸದ್ದು ಕೇಳುತ್ತದೆ, ಹೊರಗೆ ನಾನು ಕೊಟೇಶನ್ ಬರೆಯುತ್ತ ಕೂತಿದ್ದೇನೆ. ಇದಕ್ಕಾಗಿಯೇ ಈ ಕಸುಬಿಗೆ ಬಂದೆನೇ ಎಂದು ಮನಸ್ಸು ಭಾರವಾಗುತ್ತಿತ್ತು. ಮೇಸ್ತ್ರಿ ಮಾಡಿದ ಒಂದು ತಪ್ಪಿನಿಂದ ಎರಡು ಮೇಜಿನ ಕಾಲು ಹಾಳಾದ ದಿನ ಟೇಪ್ ಎತ್ತಿಕೊಂಡು ಒಳಗೆ ಹೋಗಿಬಿಡುವವನಿದ್ದೆ. ಹೋಗಲಿಲ್ಲ. ಅವರೇ ಕೋಲನ್ನು ತಿದ್ದಿದರು.

ಈಗ ಆ ಹನ್ನೊಂದು ಸಾಮಾನುಗಳ ಮಾತು. ಕೆಲಸ ನಿಧಾನ ಎಂದುಕೊಂಡು ನಾನು ಸಾಲ ಮಾಡಿ ದೊಡ್ಡ ಪ್ಯಾನೆಲ್ ಗರಗಸ ಕೊಳ್ಳಲು ಹೊರಟಿದ್ದೆ. ಹಾಳೆಗಳನ್ನು ನೋಡುತ್ತಿದ್ದ ಆ ಹಿರಿಯರು, “ಗರಗಸದ ಮುಂದೆ ಎಷ್ಟು ಸಾಮಾನು ಕಾಯ್ತಿದೆ?” ಎಂದರು. ಒಂದೂ ಇರಲಿಲ್ಲ. ಎಲ್ಲವೂ ಕಾಯುತ್ತಿದ್ದದ್ದು ಪಾಲಿಶ್ ಕೋಣೆಯ ಮುಂದೆ. ಪಾಲಿಶ್ ಮಾಡುವವನು ಒಬ್ಬನೇ. ಕೊಯ್ಯುವುದನ್ನು ಇನ್ನಷ್ಟು ಚುರುಕು ಮಾಡಿದ್ದರೆ ಆ ಸಾಲು ಇನ್ನಷ್ಟು ಉದ್ದವಾಗುತ್ತಿತ್ತು, ಮೇಲೊಂದು ಸಾಲದ ಕಂತು. ಮೂಗಿಗಿಂತ ಮೂಗುತಿ ಭಾರ ಆಗುತ್ತಿತ್ತು.

ಜಾನ್ ಲಿಟಲ್ ಎಂಬವರು 1961ರಲ್ಲಿ ಗಣಿತದಿಂದ ಸಾಬೀತುಪಡಿಸಿದ ಒಂದು ಸರಳ ಸಂಬಂಧವಿದೆ. ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಮುಗಿದು ಹೊರಹೋಗುವ ವೇಗದಿಂದ ಭಾಗಿಸಿದರೆ ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ಸಮಯ ಸಿಗುತ್ತದೆ. ನಮ್ಮಲ್ಲಿ ವಾರಕ್ಕೆ 3 ಸಾಮಾನು ಹೊರಹೋಗುತ್ತಿದ್ದವು. 11ನ್ನು 3ರಿಂದ ಭಾಗಿಸಿ, ಸುಮಾರು ಮೂರೂವರೆ ವಾರಕ್ಕಿಂತ ಹೆಚ್ಚು. ಗ್ರಾಹಕರಿಗೆ ನಾನು ಹೇಳುತ್ತಿದ್ದದ್ದು ಎರಡು ವಾರ. ಪ್ರತಿ ಸಲ ಮಾತು ತಪ್ಪುತ್ತಿದ್ದದ್ದು ಯಾರ ಸೋಮಾರಿತನದಿಂದಲೂ ಅಲ್ಲ, ಈ ಭಾಗಾಕಾರದಿಂದ.

ಗೋಡೆಗೆ 6 ಮೊಳೆ ಹೊಡೆದೆ. ಕೆಲಸದ ಹಾಳೆ ಮೊಳೆಯ ಮೇಲೆ ನೇತಾಡುತ್ತಿದ್ದರೆ ಅದು ನಡೆಯುತ್ತಿರುವ ಕೆಲಸ. ಸಾಮಾನು ಹೊರಗೆ ಹೋಗಿ ಮೊಳೆ ಖಾಲಿಯಾದರೆ ಮಾತ್ರ ಮುಂದಿನದಕ್ಕೆ ಮರ ಕೊಯ್ಯಬೇಕು. ಮೊದಲ ವಾರ ಮೂವರು ಕೈಕಟ್ಟಿ ನಿಂತರು. ಸಂಬಳ ಕೊಟ್ಟು ಸುಮ್ಮನೆ ನಿಲ್ಲಿಸಿದ್ದೇನಲ್ಲ ಎಂದು ನನಗೆ ಸಂಕಟ. ಆಗ ಪಾಲಿಶ್ ಹುಡುಗನೇ ಬಂದು, “ಅಣ್ಣ, ನನ್ನ ಅರ್ಧ ದಿನ ಉಜ್ಜೋದ್ರಲ್ಲೇ ಹೋಗುತ್ತೆ. ಅದನ್ನ ಇವ್ರು ಮಾಡಿ ಕೊಟ್ರೆ ನಾನು ಬರೀ ಕೋಟ್ ಹೊಡೀಬಹುದು” ಎಂದ. ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿರಲಿಲ್ಲ. 120 ನಂಬರಿನ ಒರಟು ಉಜ್ಜುಕಾಗದದಿಂದ ಶುರುಮಾಡಿ ನಯವಾದ 180, 240ರ ಕಾಗದದವರೆಗೆ ಉಜ್ಜುವುದನ್ನು ಜೋಡಣೆಯವರು ವಹಿಸಿಕೊಂಡರು. ಪಾಲಿಶ್ ಕೋಣೆಗೆ ಬಾಗಿಲು ಕೂರಿಸಿದೆವು, ಹಸಿ ಕೋಟಿನ ಮೇಲೆ ಧೂಳು ಕೂತು ಮತ್ತೆ ಉಜ್ಜುವ ಕೆಲಸ ತಪ್ಪಿತು. ಎರಡು ತಿಂಗಳಲ್ಲಿ ವಾರಕ್ಕೆ 3 ಹೋಗುತ್ತಿದ್ದದ್ದು 5 ಆಯಿತು. ಹೊಸ ಯಂತ್ರ ಒಂದೂ ಬರಲಿಲ್ಲ.

ಧೂಳಿನ ಮಾತು ಬಂತಾದ್ದರಿಂದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗು ಮತ್ತು ಅದರ ಪಕ್ಕದ ಗೂಡುಗಳಿಗೆ ತಗಲುವ ಕ್ಯಾನ್ಸರ್ ಅದು. ಗರಗಸಕ್ಕೆ ಧೂಳು ಹೀರುವ ಪೈಪ್ ಹಾಕಿಸುವುದನ್ನು ನಾನು ವರ್ಷಗಟ್ಟಲೆ ‘ಆಮೇಲೆ’ ಎಂದು ಮುಂದೂಡಿದ್ದೆ. ಗರಗಸ ಕೊಳ್ಳಲು ಹೊರಟಿದ್ದ ದುಡ್ಡಿನಲ್ಲಿ ಮೊದಲು ಅದನ್ನು ಹಾಕಿಸಿದೆ. ನಮ್ಮನ್ನು ನಂಬಿ ಬಂದವರ ಉಸಿರಿನ ಮೇಲೆ ಬೆಳೆಯುವ ಹಕ್ಕು ಯಾವ ಮಾಲೀಕನಿಗೂ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಕೇಳಿಯೇ ನಾನು ದೊಡ್ಡವನಾದದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಹೋವರ್ಡ್ ಸ್ಟೀವನ್‌ಸನ್ ಉದ್ಯಮಶೀಲತೆಗೆ ಕೊಟ್ಟ ವಿವರಣೆ ಇದಕ್ಕೆ ನೇರ ವಿರುದ್ಧ. ಸದ್ಯ ನಮ್ಮ ಹಿಡಿತದಲ್ಲಿರುವ ಸಂಪನ್ಮೂಲಗಳನ್ನು ಮೀರಿ ಅವಕಾಶದ ಬೆನ್ನು ಹತ್ತುವುದೇ ಉದ್ಯಮಶೀಲತೆ ಎನ್ನುತ್ತಾರೆ ಅವರು. ಗ್ರಂಥಾಲಯದ ಕೆಲಸದಲ್ಲಿ ನಾನು ಮಾಡಿದ್ದೂ ಅದೇ ಅಲ್ಲವೇ ಎಂದು ಬಹಳ ಯೋಚಿಸಿದೆ. ಅದೇ ಸ್ಟೀವನ್‌ಸನ್ ಇನ್ನೂ ಎರಡು ಮಾತು ಸೇರಿಸುತ್ತಾರೆ. ಒಂದೇ ಏಟಿಗೆ ಎಲ್ಲವನ್ನೂ ಹೂಡದೆ ಹಂತ ಹಂತವಾಗಿ ಹೂಡಬೇಕು. ಎಲ್ಲವನ್ನೂ ಕೊಳ್ಳಬೇಕಿಲ್ಲ, ಬೇಕಾದಷ್ಟು ಹೊತ್ತು ಬಾಡಿಗೆಗೆ ತಂದರೂ ಆಗುತ್ತದೆ. ನಾನು ಅವಕಾಶದ ಬೆನ್ನು ಹತ್ತಿದ್ದೆ ಅಷ್ಟೇ, ಈ ಎರಡನ್ನೂ ಮಾಡಿರಲಿಲ್ಲ.

ಹಾಗಾಗಿ ಓದುವ ಮೇಜನ್ನು ಬೇರೆ ರೀತಿ ಹಿಡಿದೆ. ಅದು ನಡೆಯುತ್ತದೆ ಎಂದು ಹಾಳೆಗಳು ಹೇಳುತ್ತಿದ್ದವು, ತಲುಪಿಸುವ ಖರ್ಚು ಮಾತ್ರ ಲಾಭ ನುಂಗುತ್ತಿತ್ತು. ಗಾಡಿಯಲ್ಲಿ ನಾವು ಸಾಗಿಸುತ್ತಿದ್ದದ್ದು ಬಹುಪಾಲು ಮೇಜಿನ ಕಾಲುಗಳ ನಡುವಿನ ಗಾಳಿಯನ್ನೇ. ಮಿಖಾಯೆಲ್ ಥೋನೆಟ್ ಎಂಬ ಕುಶಲಕರ್ಮಿ 1859ರಲ್ಲಿ ಹೊರತಂದ ಬಾಗಿಸಿದ ಮರದ ಕುರ್ಚಿ ನೆನಪಾಯಿತು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿ ಇಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ನಮ್ಮ ಮೇಜಿನ ಕಾಲುಗಳನ್ನೂ ಬೋಲ್ಟ್ ಹಾಕಿ ಬಿಚ್ಚುವಂತೆ ಮಾಡಿದೆವು. ಮೊದಲು 6 ಮೇಜು ಮಾತ್ರ. ಮೇಲ್ಹಲಗೆಯನ್ನು ಗಣಕದಿಂದ ನಡೆಯುವ ಕೊಯ್ಯುವ ಯಂತ್ರ ಇರುವ ಬೇರೆ ವರ್ಕ್‌ಶಾಪಿಗೆ ಕೊಟ್ಟು ಕೂಲಿಗೆ ಕೊಯ್ಯಿಸಿದೆವು. ಆರರಲ್ಲಿ ಎರಡು ವಾಪಸ್ ಬಂದವು, ಕಾಲು ಅಲ್ಲಾಡುತ್ತದೆ ಎಂದು. ಬೋಲ್ಟಿನ ಜಾಗಕ್ಕೆ ಮೂಲೆಯಲ್ಲಿ ಓರೆ ತುಂಡು ಸೇರಿಸಿ ಗಟ್ಟಿ ಮಾಡಿದೆವು. ಮುಂದಿನದು 12. ಒಂದೂ ವಾಪಸ್ ಬರಲಿಲ್ಲ. ಗಾಡಿಯಲ್ಲಿ ಮೊದಲು 4 ಹೋಗುತ್ತಿದ್ದಲ್ಲಿ ಈಗ 14 ಹೋಗುತ್ತವೆ. ಆ ಎರಡು ವಾಪಸ್ ಬಂದದ್ದು 80ರ ಆರ್ಡರಿನಲ್ಲಿ ಆಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅರ್ಧ ಮುಂಗಡ, ಪಾಲಿಶಿಗೆ ಹೋಗುವ ಮುನ್ನ ಬಂದು ನೋಡಿ ಇನ್ನೊಂದು ಕಂತು, ತಲುಪಿದಾಗ ಉಳಿದದ್ದು. ಮುಂದಿನ 13 ವಾರಗಳಲ್ಲಿ ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಒಂದು ಪುಟ ಬರೆದು ಪ್ರತಿ ಸೋಮವಾರ ತಿದ್ದುತ್ತೇನೆ. ಒಣಗಿದ ಮರಕ್ಕೆ ದುಡ್ಡು ಬೇರೆ ತೆಗೆದಿಡುತ್ತೇನೆ, ತೇವ ಅಳೆಯುವ ಮೀಟರ್ ಬಾಗಿಲ ಬಳಿ ತೂಗುತ್ತದೆ. ಮೀಟರ್ 12 ದಾಟಿದರೆ ಆ ಮರವನ್ನು ಯಾರು ಬೇಕಾದರೂ ವಾಪಸ್ ಕಳಿಸಬಹುದು, ನನ್ನನ್ನು ಕೇಳಬೇಕಿಲ್ಲ. ಮೂರು ತಿಂಗಳಿಗೊಮ್ಮೆ ಉಳಿದದ್ದರಲ್ಲಿ ಒಂದು ಪಾಲು ಎಲ್ಲರಿಗೂ ಹಂಚಿಕೆಯಾಗುತ್ತದೆ. ಹಾಳೆಗಳನ್ನು ಬರೆಯಲು ಈಗ ಯಾರಿಗೂ ಹೇಳಬೇಕಾಗಿಲ್ಲ.

ಕೆತ್ತನೆಯ ಮಂಚವನ್ನು ನಿಲ್ಲಿಸಲಿಲ್ಲ. ಅದರ ನಿಜವಾದ ಬೆಲೆ ಹೇಳತೊಡಗಿದೆವು. ಕೇಳುವವರು ಕಡಿಮೆಯಾದರು. ವರ್ಷಕ್ಕೆ ಮೂರೋ ನಾಲ್ಕೋ ಬರುತ್ತವೆ, ಅವುಗಳ ತಲೆಹಲಗೆಯನ್ನು ಮಧ್ಯಾಹ್ನದ ಮೇಲೆ ನಾನೇ ಕೂತು ಕೆತ್ತುತ್ತೇನೆ.

ಈಗ ನಾವು 12 ಜನ, ಗೋಡೆಯ ಮೇಲೆ 12 ಮೊಳೆ. ಕಳೆದ ತಿಂಗಳು ಐದು ದಿನ ನಾನು ಇರಲಿಲ್ಲ. ಅಷ್ಟರಲ್ಲಿ ಒಬ್ಬರು ಬಂದು ಎರಡು ವಾರ್ಡ್‌ರೋಬ್, ಒಂದು ಮಂಚ ಹತ್ತು ದಿನಕ್ಕೆ ಬೇಕು, ಪೂರ್ತಿ ಹಣ ಈಗಲೇ ಕೊಡುತ್ತೇನೆ ಎಂದರಂತೆ. ಮೇಸ್ತ್ರಿ ಗೋಡೆ ನೋಡಿ ಮೂರು ವಾರ ಆಗುತ್ತದೆ ಎಂದಿದ್ದಾರೆ. ಬಂದವರು ಬೇರೆ ಕಡೆ ಹೋದರು. ನಾನು ವಾಪಸ್ ಬಂದಾಗ ಮೇಸ್ತ್ರಿ ಎಲ್ಲವನ್ನೂ ಹೇಳಿ, “ನೀವಿದ್ದಿದ್ರೆ ಒಪ್ಕೊಳ್ತಿದ್ರಾ?” ಎಂದು ಕೇಳಿದರು. ತಕ್ಷಣ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಅಷ್ಟರಲ್ಲಿ ಪಾಲಿಶ್ ಕೋಣೆಯ ಬಾಗಿಲು ತೆರೆದು ಹುಡುಗರಿಬ್ಬರು ಒಂದು ಮೇಜನ್ನು ಎತ್ತಿಕೊಂಡು ಹೊರಬಂದರು. ಮೇಸ್ತ್ರಿ ಅದರ ಹಾಳೆಯನ್ನು ಮೊಳೆಯಿಂದ ಬಿಡಿಸಿ, ಕಾಯುತ್ತಿದ್ದ ಹಾಳೆಗಳಲ್ಲಿ ಮೇಲಿನದನ್ನು ಅದೇ ಮೊಳೆಗೆ ಸಿಕ್ಕಿಸಿ, ಅಳತೆಕೋಲು ತೆಗೆದುಕೊಂಡು ಒಳಗೆ ಹೋದರು.